ಅವ್ವ ಹೇಳಿಕೊಟ್ಟ ಜವುಗು

ಜುಲೈ ತಿಂಗಳು ಅರ್ಧ ಕಳೆಯಿತೆಂದರೆ ಸಾರಿವಾರಾ ಊರಿನವರಿಗೆ ಇದ್ದಕ್ಕಿದ್ದ ಹಾಗೆ ಹೂವಿನ ಮೇಲೆ, ಚಿಟ್ಟೆಯ ಮೇಲೆ ಪ್ರೀತಿ ಉಕ್ಕುತ್ತದೆ. ವರ್ಷವಿಡೀ ಹೂವು ತುಳಿದುಕೊಂಡೇ ಓಡಾಡಿದವರು ಕೂಡ ಬೆಳಿಗ್ಗೆ ಬೆಳಿಗ್ಗೆ ರಬ್ಬರ್ ಬೂಟು ಮೆಟ್ಟಿ, ತಲೆಗೆ ಸೊಳ್ಳೆಬಲೆ ಸುತ್ತಿ, "ಸುಮ್ನೆ ಒಂದು ಸುತ್ತು ಹೋಗ್ಬರ್ತೀನಿ, ಹೂವು ಗೀವು ನೋಡ್ಕೊಂಡು" ಎಂದು ಹೊರಡುತ್ತಾರೆ. ಬೆನ್ನಿನ ಚೀಲದೊಳಗೆ ಬಕೆಟ್ಟಿನ ಹಿಡಿ ಕಡಕಡ ಅನ್ನುತ್ತಿರುತ್ತದೆ. ಕೇಳಿದವರು ಕೇಳಿಸದ ಹಾಗೆ ಇರುತ್ತಾರೆ.

ಅದು ಹಿಲ್ಲಾ ಹಣ್ಣಿನ ಕಾಲ. ಹಿಲ್ಲಾ ಬೆಳೆಯುವುದು ಜವುಗಿನಲ್ಲಿ. ಗೇಣುದ್ದದ ಗಿಡ, ಗಿಡಕ್ಕೊಂದೇ ಹಣ್ಣು. ಹಸಿಯಾಗಿದ್ದಾಗ ಕೆಂಪಗೆ, ಕಲ್ಲಿನ ಹಾಗೆ ಗಟ್ಟಿ. ಮಾಗಿದ ಮೇಲೆ ಜೇನಿನ ಬಣ್ಣ, ಮುಟ್ಟಿದರೆ ಬಿರಿಯುವಷ್ಟು ಮೆತ್ತಗೆ. ನಮ್ಮ ಕಡೆ ಕಾಡಿನ ಹಣ್ಣನ್ನು ಯಾರು ಬೇಕಾದರೂ ಕೀಳಬಹುದು, ತಡೆಯುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ಒಳ್ಳೆಯ ಜವುಗೊಂದು ಗೊತ್ತಿದ್ದವರಿಗೆ ಬಾಯಿ ಮುಚ್ಚಿಕೊಂಡಿರುವುದೊಂದೇ ಬೇಲಿ. ನಿನ್ನ ಜಾಗ ಎಲ್ಲಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಅದು ಒಳಗಿನ ಬಟ್ಟೆಯ ಬಣ್ಣ ಕೇಳಿದ ಹಾಗೆ. ಎಳೆ ಮಕ್ಕಳು ತಿಳಿಯದೆ ಕೇಳಿಬಿಟ್ಟರೆ "ಅಲ್ಲಿಂದ, ಕಾಡಿಂದ" ಅನ್ನುತ್ತಾರೆ, ಮಾತು ಮುಗಿಯುತ್ತದೆ. ಹೆಂಡತಿಗೂ ಹೇಳದೆ ಸತ್ತುಹೋದ ಗಂಡಂದಿರನ್ನು ಊರು ಕಂಡಿದೆ.

ಸೈಮಾ ಎಪ್ಪತ್ತು ದಾಟಿದ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ದುಡಿದು ಬಿಟ್ಟವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಊರಾಚೆ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳ ತಂಗಿ ಲೆಂಪಿ ತವರಿನಲ್ಲೇ ಉಳಿದವಳು. ಅವ್ವ ಸತ್ತಾಗ ಮನೆ, ಸರೋವರದ ದಂಡೆಯ ಹೊಲ, ಹಸು, ಮಗ್ಗ, ತಾಮ್ರದ ಕಾಫಿ ಪಾತ್ರೆ ಎಲ್ಲ ಲೆಂಪಿಗೇ ಹೋಯಿತು. ಇಬ್ಬರು ಗಂಡುಮಕ್ಕಳಿದ್ದಾರೆ, ಮುದುಕಿಯನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದಾಳೆ, ಸರಿಯೇ ಎಂದು ಊರು ಅಂದಿತು. ಸೈಮಾ ತುಟಿ ಬಿಚ್ಚಲಿಲ್ಲ. ಅವಳಿಗೂ ಒಂದು ಪಾಲು ಬಂದಿತ್ತು, ಊರಿಗೆ ಗೊತ್ತಿಲ್ಲದ ಪಾಲು.

ಅವ್ವ ಸಾಯುವ ಹಿಂದಿನ ಚಳಿಗಾಲದಲ್ಲಿ ಸೈಮಾ ಅವಳನ್ನು ಸೌನಾದ, ಅಂದರೆ ಬಿಸಿಗಲ್ಲಿನ ಬಚ್ಚಲುಮನೆಯ, ಹಬೆಯಲ್ಲಿ ಕೂರಿಸಿ ಬೆನ್ನು ಉಜ್ಜುತ್ತಿದ್ದಾಗ ಮುದುಕಿ ಹಿಂದಕ್ಕೆ ಕೈಚಾಚಿ ಮಗಳ ಮಣಿಕಟ್ಟು ಹಿಡಿದಿದ್ದಳು. "ಟಾರು ಸುಡ್ತಿದ್ದ ಹಳೇ ಗುಂಡಿ ದಾಟು. ಸೀಳಿದ ಬಂಡೆ ಹತ್ರ ಎಡಕ್ಕೆ ತಿರುಗು. ತೊರೆ ದಾಟಿದ್ರೆ ಪೈನ್ ಮರದ ಹಿಂದೆ ಜವುಗು ಐತೆ. ನಿಂಗೊಬ್ಳಿಗೇ ಹೇಳ್ತಿರೋದು ಸೈಮಾ. ಇನ್ಯಾರಿಗೂ ಹೇಳಿಲ್ಲ." ಅಷ್ಟು ಹೇಳಿ ಇನ್ನೂ ಏನೋ ಸೇರಿಸಿದ್ದಳು. ಆ ಮಾತನ್ನು ಸೈಮಾ ಎದೆಯಲ್ಲಿ ಇಟ್ಟುಕೊಂಡಿದ್ದಳು.

ಅಲ್ಲಿಂದಾಚೆ ತವರಿನ ಮುಂದೆ ಹಾದುಹೋಗುವಾಗೆಲ್ಲ ಸೈಮಾ ತಲೆಯೆತ್ತಿಕೊಂಡೇ ನಡೆದಳು. ಗೋಡೆ ನಿನಗಿರಲಿ ತಂಗೀ, ಅವ್ವ ಆರಿಸಿಕೊಂಡದ್ದು ನನ್ನನ್ನು. ಇದನ್ನು ಬಾಯಿಬಿಟ್ಟು ಅಂದವಳಲ್ಲ. ಆದರೆ ಒಬ್ಬಳೇ ಕೂತು ಉಣ್ಣುವ ಸಂಜೆಗಳಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದು ಇದೇ.

ಆ ಜವುಗಿಗೆ ಕಳ್ಳ ಹೊಕ್ಕಿದ್ದ.

ಮೊದಮೊದಲು ಒಂದು ಅಂಚು ಬರಿದಾಗಿರುತ್ತಿತ್ತು. ಕಡವೆ ಮೇಯ್ದಿರಬೇಕು, ಕೊಕ್ಕರೆ ತಿಂದಿರಬೇಕು ಅಂದುಕೊಂಡಳು. ಆಮೇಲೆ ಅರ್ಧ ಜವುಗು. ಕೊಕ್ಕರೆ ಹಾಗೆ ತೊಟ್ಟು ಬಿಟ್ಟು ಕೀಳುವುದಿಲ್ಲ. ಮಾಗುವ ಮೊದಲೇ, ಕೆಂಪಗಿರುವಾಗಲೇ ಕಿತ್ತುಕೊಂಡು ಹೋಗುವ ಹೇಸಿಗೆಯ ಮನುಷ್ಯ ಯಾರೋ! ಹಸಿ ಹಿಲ್ಲಾ ಕೀಳುವುದು ಅಂದರೆ ನಮ್ಮ ಕಡೆ ಮೊಟ್ಟೆಯೊಡೆಯದ ಮರಿಯನ್ನು ಎಳೆದು ತೆಗೆದ ಹಾಗೆ. ಹೆಲ್ಸಿಂಕಿ ಕಡೆಯಿಂದ ಕಾರಿನಲ್ಲಿ ಬರುವವರು ಇರಬಹುದು, ಪ್ಲಾಸ್ಟಿಕ್ ಬಾಚಣಿಗೆಯಂಥದ್ದು ಹಿಡಿದುಕೊಂಡು ಬೆಟ್ಟಕ್ಕೆ ಬೆಟ್ಟವನ್ನೇ ಬೋಳಿಸುವವರು. ಅವರ ಮುಖ ನೆನೆಸಿಕೊಂಡರೆ ಸೈಮಾಳ ಬಾಯಿಗೆ ಕಹಿ ಬರುತ್ತಿತ್ತು.

ಕಳ್ಳನಿಗಿಂತ ಮೊದಲು ಹೋಗಬೇಕೆಂದು ಅವಳೂ ಒಂದು ವಾರ ಮುಂಚೆ ಹೋದಳು. ಮರುವರ್ಷ ಕಳ್ಳ ಇನ್ನೂ ಮುಂಚೆ ಬಂದಿದ್ದ. ಅವಳು ಅದಕ್ಕೂ ಮುಂಚೆ ಹೋದಳು. ಹೀಗೇ ಎಷ್ಟೋ ಬೇಸಿಗೆ ನಡೆಯಿತು. ಈಗಂತೂ ಅವಳ ಬಕೆಟ್ಟಿಗೆ ಬೀಳುವ ಹಣ್ಣು ಟಣ್ ಟಣ್ ಅಂತ ಸದ್ದು ಮಾಡುತ್ತಿತ್ತು. ಸಕ್ಕರೆ ಸುರಿದು ಎಷ್ಟು ಕುದಿಸಿದರೂ ಹಲ್ಲಿಗೆ ಸಿಕ್ಕಿದರೆ ಮರಳಿನ ಹಾಗೆ. ನಾನು ಕಳ್ಳನ ಹಾಗೆ ಕೀಳುತ್ತಿಲ್ಲ, ಕಳ್ಳನಿಂದ ಉಳಿಸುತ್ತಿದ್ದೇನೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆ ವರ್ಷ ಅವಳು ಹೊರಟಾಗ ಹಿಲ್ಲಾ ಹೂವಿನ ಎಸಳು ಉದುರಿ ಹೆಚ್ಚು ದಿನ ಆಗಿರಲಿಲ್ಲ.

ಅಂಗಡಿಯ ಮಾರ್ತಾ ಮೆಟ್ಟಿಲ ಮೇಲೆ ಕಸ ಗುಡಿಸುತ್ತಿದ್ದಳು. "ಏನು ಸೈಮಕ್ಕ, ಇಷ್ಟು ಬೇಗ?"

"ಚಿಟ್ಟೆ ನೋಡೋಣ ಅಂತ."

"ಹೂಂ, ಈ ಸಲ ಚಿಟ್ಟೆ ಜಾಸ್ತಿಯಂತೆ" ಎಂದು ಮಾರ್ತಾ ಮುಖ ತಿರುಗಿಸಿ ಗುಡಿಸಿದಳು. ಚೀಲದಲ್ಲಿ ಬಕೆಟ್ಟು ಕಡಕಡ ಅಂದಿತು.

ದಾರಿ ಸೊಗಸಾಗಿತ್ತು, ಬೇರೆ ಯಾರಿಗಾದರೂ ಆಗಿದ್ದರೆ. ಕಾಡುದಾರಿಯ ಎರಡೂ ಬದಿ ಎದೆಯೆತ್ತರದ ನೇರಳೆಗೆಂಪು ಹೂವು ತೆನೆತೆನೆಯಾಗಿ ನಿಂತಿತ್ತು. ಕೆಳಗೆ ಗಂಟೆಯಂಥ ನೀಲಿ ಹೂವು. ಬಿಸಿಲು ಬಿದ್ದ ದಿಬ್ಬದಲ್ಲಿ ಕಾಡು ಸ್ಟ್ರಾಬೆರಿ ಕೆಂಪು ಚುಕ್ಕಿಯ ಹಾಗೆ ಹರಡಿತ್ತು. ಚಿಕ್ಕವರಿದ್ದಾಗ ಅಕ್ಕತಂಗಿ ಅದನ್ನು ಹುಲ್ಲುಕಡ್ಡಿಗೆ ಪೋಣಿಸಿ ಸರ ಮಾಡಿ, ಬುಡದಿಂದ ಒಂದೊಂದೇ ಹಲ್ಲಲ್ಲಿ ಎಳೆದು ತಿನ್ನುತ್ತಿದ್ದರು. ಸೈಮಾ ನಿಲ್ಲಲಿಲ್ಲ. ಕಳ್ಳ ನಿಂತಿರುವುದಿಲ್ಲ.

ಹಿಂದೆ ಪೈನ್ ಕಟ್ಟಿಗೆ ಸುಟ್ಟು ಟಾರು ಇಳಿಸುತ್ತಿದ್ದ ಗುಂಡಿಯ ಹತ್ತಿರ ಕಡವೆಯ ಸಗಣಿ ಬಿದ್ದಿತ್ತು, ಇನ್ನೂ ಹಸಿ. ಅದರ ಮೇಲೆ ನೀಲಿ ಚಿಟ್ಟೆಗಳು. ಒಂದಲ್ಲ ಎರಡಲ್ಲ, ಸಗಣಿ ಕಾಣದಷ್ಟು. ರೆಕ್ಕೆ ಮಡಚಿ, ಸೊಂಡಿಲಿನಂಥ ನಾಲಿಗೆ ಒಳಗೆ ಚುಚ್ಚಿ ಹೀರುತ್ತಿದ್ದವು. ಒಂದರ ಮೈ ಮೇಲೆ ಒಂದು ಹತ್ತಿ, ಒಂದನ್ನೊಂದು ತಳ್ಳಿಕೊಂಡು.

"ಥೂ" ಎಂದಳು ಸೈಮಾ. ಬೂಟಿನ ತುದಿ ನೆಲಕ್ಕೆ ಕುಟ್ಟಿದಳು. ಎದ್ದು ಒಂದು ಸುತ್ತು ಹಾರಿ ಮತ್ತೆ ಅಲ್ಲೇ ಕೂತವು. ಪಟದಲ್ಲಿ ಮಾತ್ರ ಚಿಟ್ಟೆ ಹೂವಿನ ಮೇಲೆ ಕೂರುವುದು.

ಸೀಳಿದ ಬಂಡೆಯ ಬಳಿ ಗಂಟಲು ಒಣಗಿತು. ಪೊದೆಯಲ್ಲಿ ಮೊದಲ ನೀಲಿಹಣ್ಣು ಕಪ್ಪಗಾಗಿತ್ತು. ಒಂದು ಹಿಡಿ ಕಿತ್ತು ಬಾಯಿಗೆ ಎಸೆದುಕೊಂಡಳು. ಎರಡನೇ ಅಗಿತಕ್ಕೇ ನಾಲಿಗೆಯೆಲ್ಲ ನಾರಿತು. ಹಣ್ಣಿನ ನಡುವೆ ಹಸಿರು ಬಿಲ್ಲೆಯಂಥ ನಾತದ ಹುಳ ಇದ್ದಿರಬೇಕು, ಅಗಿದುಬಿಟ್ಟಿದ್ದಳು. ಉಗುಳಿದಳು, ಮತ್ತೆ ಉಗುಳಿದಳು, ತೊರೆಯ ನೀರಲ್ಲಿ ಬಾಯಿ ಮುಕ್ಕಳಿಸಿದಳು. ಆ ನಾತ ಅಂಗುಳಕ್ಕೆ ಅಂಟಿಕೊಂಡು ಕೂತಿತು, ಹೋಗಲೊಲ್ಲದು. ಬಲೆಯೊಳಗೆ ನುಗ್ಗಿದ್ದ ಸೊಳ್ಳೆಯೊಂದು ಕಿವಿಯಲ್ಲಿ ಹಾಡುತ್ತಿತ್ತು. ಹೆಂಗೆಂಗೋ ಇರೋ ಈ ಕಾಡನ್ನ ಜನ ಚೆಂದ ಅಂತಾರಲ್ಲ ಎಂದುಕೊಳ್ಳುತ್ತ ತೊರೆ ದಾಟಿದಳು.

ಪೈನ್ ಮರ ಸರಿದು ಜವುಗು ತೆರೆದುಕೊಂಡಿತು. ಬಿಳಿ ಹತ್ತಿಯ ಮುದ್ದೆಗಳನ್ನು ಹೊತ್ತ ಹುಲ್ಲು ದೂರದವರೆಗೆ. ಹಳೇ ನೀರಿನ, ಕೊಳೆತ ಪಾಚಿಯ ವಾಸನೆ. ಕೆಂಪು ಹಿಲ್ಲಾ ಎಲ್ಲೆಲ್ಲೂ. ಸೈಮಾ ಬಕೆಟ್ಟು ತೆಗೆದು ಬಗ್ಗಿದಳು. ಪಡುವಣ ಅಂಚಿನಿಂದ ಶುರುಮಾಡಿ ಟಣ್ ಟಣ್ ಎಂದು ಕಿತ್ತುಕೊಂಡು ಬಂದಳು. ಸೊಂಟ ಹಿಡಿದುಕೊಂಡಾಗ ಎದ್ದು ನಿಂತು ನೋಡಿದರೆ ಜವುಗಿನ ಆಚೆ ಬದಿಯಲ್ಲಿ ಒಂದು ಬೆನ್ನು.

ಬಗ್ಗಿದ ಬೆನ್ನು. ಹೆಂಗಸಿನದು. ಹೂವಿನ ಚಿತ್ತಾರದ ತಲೆವಸ್ತ್ರ.

ಇಷ್ಟು ವರ್ಷ ಮುಖವಿಲ್ಲದೆ ಇದ್ದ ಕಳ್ಳನಿಗೆ ಇವತ್ತು ಬೆನ್ನು ಸಿಕ್ಕಿತು. ಸೈಮಾ ಹುಲ್ಲಿನ ಗುಪ್ಪೆಯಿಂದ ಗುಪ್ಪೆಗೆ ಹೆಜ್ಜೆಯಿಟ್ಟು ಸದ್ದಿಲ್ಲದೆ ಹತ್ತಿರ ಹೋದಳು. ಕಳ್ಳಿಯ ಬಕೆಟ್ಟಿನಲ್ಲಿ ಬೀಳುವ ಹಣ್ಣಿನ ಸದ್ದು ಕೇಳಿಸಿತು. ಟಣ್. ಟಣ್.

"ನಾಚಿಕೆ ಆಗಲ್ವೇನೇ, ಹಸೀದನ್ನ ಕೀಳೋಕೆ!" ಎಂದು ಸೈಮಾ ಕೂಗಿದಳು.

ಬೆನ್ನು ನೆಟ್ಟಗಾಯಿತು. ಸೊಳ್ಳೆಬಲೆಯ ಹಿಂದೆ ಲೆಂಪಿಯ ಮುಖ.

ಲೆಂಪಿ ಮೆಲ್ಲನೆ ಬಕೆಟ್ಟನ್ನು ಲಂಗದ ಹಿಂದಕ್ಕೆ ಸರಿಸಿದಳು. ಸೈಮಾಳ ಬಕೆಟ್ಟು ಅವಳ ಮುಂದೆಯೇ ನೇತಾಡುತ್ತಿತ್ತು.

"ಓ, ಅಕ್ಕ" ಎಂದಳು ಲೆಂಪಿ. "ಚಿಟ್ಟೆ ನೋಡಕ್ ಬಂದ್ಯಾ?"

"ನೀನು?"

"ನಾನೂ ಹಂಗೇ. ಹೂವು. ಕಾಲಾಡಿಸಿದ್ರೆ ಮಂಡಿಗೆ ಒಳ್ಳೇದು ಅಂದ್ರು ಡಾಕ್ಟ್ರು."

"ಮಂಡಿಗೆ ಒಳ್ಳೇದು ಅಂತ ಬಕೆಟ್ಟು ಹೊತ್ಕೊಂಡು ಬಂದ್ಯಾ?"

"ನಿಂದೇನು ಟೋಪಿಯಾ ಕೈಲಿರೋದು?"

ಸೈಮಾಳ ಬಾಯಲ್ಲಿ ಹುಳದ ನಾತ ಮತ್ತೆ ಮೇಲಕ್ಕೆ ಬಂತು. "ಯಾರು ಹೇಳಿದ್ರು ನಿಂಗೆ ಈ ಜಾಗ? ನನ್ನ ಹಿಂದೆ ಹಿಂದೇ ಬಂದ್ಯಾ, ಕಳ್ ಮುಂಡೆ?"

"ನಿನ್ ಹಿಂದೆ ನಾನ್ಯಾಕೆ ಬರ್ಲಿ? ನನ್ ಜಾಗ ಇದು. ನೀನು ಯಾರ ಹಿಂದೆ ಬಂದೆ ಹೇಳು. ಅವ್ವ ನಂಗ್ ಕೊಟ್ಟಿರೋದು."

"ಅವ್ವ ನಂಗ್ ಕೊಟ್ಟಿರೋದು."

"ನಂಗೊಬ್ಳಿಗೇ ಅಂತ ಹೇಳಿ ಕೊಟ್ಟಿರೋದು ಅಕ್ಕ. ಚಾಪೆ ತೊಳೆಯೋಕೆ ಅಂತ ಸರೋವರದ ಕಟ್ಟೇಲಿ ಕೂತಿದ್ವಿ. ಕೈ ಹಿಡ್ಕೊಂಡು ಹೇಳಿದ್ಳು."

"ಎಲ್ಲಿ ಹಿಡ್ಕೊಂಡ್ಳು ಕೈನ?"

ಲೆಂಪಿ ತನ್ನ ಮಣಿಕಟ್ಟು ತೋರಿಸಿದಳು.

ಸೈಮಾ ಅಲ್ಲಿದ್ದ ಒಣಮರದ ಕಾಂಡದ ಮೇಲೆ ಕೂತುಬಿಟ್ಟಳು. ಕಾಂಡ ಒಳಗೆ ಕೊಳೆತಿತ್ತು, ಬೂಟಿನೊಳಕ್ಕೆ ಇರುವೆ ಹತ್ತಿದವು. ಅವಳು ಏಳಲಿಲ್ಲ. ಸೌನಾದ ಹಬೆ, ಅವ್ವನ ಒದ್ದೆ ಬೆನ್ನು, ಮೂಳೆಯಂಥ ಬೆರಳು. ಅದೇ ಬೆರಳು ಚಾಪೆ ತೊಳೆಯುವ ಕಟ್ಟೆಯಲ್ಲಿ ಇನ್ನೊಂದು ಮಣಿಕಟ್ಟನ್ನೂ ಹಿಡಿದಿತ್ತು.

"ಆಮೇಲೆ ಇನ್ನೊಂದು ಮಾತು ಹೇಳಿದ್ಳು" ಎಂದಳು ಸೈಮಾ. "ನಂಗೆ. ನಿನ್ನ ವಿಷ್ಯ."

"ಏನಂತ?"

"ಲೆಂಪಿಗೆ ಹೇಳ್ಬೇಡ. ಅವಳಿಗೆ ತಾಳ್ಮೆ ಇಲ್ಲ, ಹಸೀದೇ ಕಿತ್ತುಬಿಡ್ತಾಳೆ, ಅಂತ."

ಲೆಂಪಿ ಬಲೆಯನ್ನು ಹಣೆಯ ಮೇಲಕ್ಕೆ ಎತ್ತಿದಳು. ಸೊಳ್ಳೆ ಮುತ್ತಿಕೊಂಡವು, ಓಡಿಸಲಿಲ್ಲ. "ಸೈಮಾಗೆ ಹೇಳ್ಬೇಡ" ಎಂದಳು. "ಅವಳಿಗೆ ತಾಳ್ಮೆ ಇಲ್ಲ, ಹಸೀದೇ ಕಿತ್ತುಬಿಡ್ತಾಳೆ. ನಂಗೂ ಅಕ್ಷರಕ್ಕಕ್ಷರ ಇದೇ ಹೇಳಿದ್ಳು."

ಇಬ್ಬರೂ ತಮ್ಮ ತಮ್ಮ ಬಕೆಟ್ಟಿನೊಳಗೆ ನೋಡಿಕೊಂಡರು.

"ಪ್ರತೀ ಕ್ರಿಸ್‌ಮಸ್ಸಿಗೆ ನೀ ಕೊಡ್ತಿದ್ದ ಆ ಹಿಲ್ಲಾ ಜಾಮು" ಎಂದಳು ಲೆಂಪಿ, "ಥೂ, ಬಾಯಿಗೆ ಇಡೋಕಾಗ್ತಿರ್ಲಿಲ್ಲ. ಬಂದೂಕಿನ ಗುಂಡು ತಿಂದಂಗೆ. ಗೊಬ್ಬರದ ಗುಂಡಿಗೆ ಹಾಕ್ತಿದ್ದೆ."

"ಮತ್ತೆ ಬಾಯ್ತುಂಬ ಹೊಗಳ್ತಿದ್ದೆಯಲ್ಲೇ!"

"ನೀನೂ ನಂದನ್ನ ಹೊಗಳ್ತಿದ್ದೆ."

"ನಿಂದನ್ನ ನಾನು ಪಕ್ಕದ್ಮನೆ ಹಂದಿಗೆ ಹಾಕ್ತಿದ್ದೆ. ಹಂದಿ ಮೂಸಿ ನೋಡಿ ಹೋಗ್ತಿತ್ತು."

ಎರಡು ಮನೆಯ ಜಾಡಿಯಲ್ಲೂ ಒಂದೇ ಹಸಿ ಹಣ್ಣು, ಒಂದೇ ಜವುಗಿನದು. ಒಬ್ಬಳಾದರೂ ಒಂದೇ ಒಂದು ಸಲ, ಎಲ್ಲಿಂದ ತಂದೆ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳುವುದು ಹೇಗೆ? ನಮ್ಮ ಊರಿನಲ್ಲಿ ಮರ್ಯಾದಸ್ಥರು ಕೇಳುವುದಿಲ್ಲ.

ಸೈಮಾ ಎದ್ದು ನಿಂತು ತನ್ನ ಬಕೆಟ್ಟನ್ನು ಪಕ್ಕದ ಕಪ್ಪು ನೀರಿನ ಗುಂಡಿಗೆ ಮಗುಚಿದಳು. ಹಣ್ಣು ಮುಳುಗಲಿಲ್ಲ, ಕೆಂಪಗೆ ತೇಲಿತು.

"ಅಯ್ಯೋ! ಸಕ್ಕರೆ ಹಾಕಿ ಕುದಿಸಿದ್ರೆ ಆಗ್ತಿತ್ತಲ್ಲೇ!"

"ಯಾರಿಗೆ? ಹಂದಿಗಾ?" ಸೈಮಾ ಬಕೆಟ್ಟು ಕೊಡವಿದಳು. "ನೋಡು, ನಡುವೆ ಅರ್ಧ ಜವುಗು ಹಂಗೇ ಐತೆ. ಅದನ್ನ ಇಬ್ರೂ ಮುಟ್ಟೋದ್ ಬೇಡ. ಮಾಗ್ಲಿ. ಮಾಗಿದ್ಮೇಲೆ ಒಟ್ಟಿಗೆ ಬರಾಣ. ನಾವಿಬ್ರೇ ತಾನೆ, ಇನ್ಯಾರಿಗೂ ಗೊತ್ತಿಲ್ವಲ್ಲ."

ಲೆಂಪಿ ಬಗ್ಗಿ ಬೂಟಿಗೆ ಅಂಟಿದ ಪಾಚಿ ಕೆರೆಯತೊಡಗಿದಳು. ಅವಳ ಕಿವಿ ಕೆಂಪಗಾಗಿತ್ತು. ಚಿಕ್ಕಂದಿನಿಂದಲೂ ಅವಳ ಸುಳ್ಳು ಕಿವಿಯಲ್ಲೇ ಮೊದಲು ಕಾಣುವುದು.

"ಲೆಂಪಿ. ಯಾರಿಗೆ ಹೇಳಿದ್ದೀಯ?"

"ತಾಪಿಯೊಗೆ" ಎಂದಳು ಲೆಂಪಿ. ಅದು ದೊಡ್ಡ ಮಗ. "ಹಿರೀ ಮಗ ಅಲ್ವಾ. ನಿಂಗೊಬ್ನಿಗೇ ಅಂತ ಹೇಳ್ದೆ."

"ಆಮೇಲೆ?"

"ಆಮೇಲೆ ರಾಯ್ನೆ ಜ್ವರದಲ್ಲಿ ಮಲಗಿದ್ದ. ಪಾಪ ಅನ್ನಿಸ್ತು."

ಸೈಮಾಗೆ ನಗು ಬರಲಿಲ್ಲ. "ಅವನಿಗೂ ನಿಂಗೊಬ್ನಿಗೇ ಅಂದ್ಯಾ?"

"ಹೂಂ."

"ಅಣ್ಣಂಗೆ ತಾಳ್ಮೆ ಇಲ್ಲ ಅಂತಾನೂ ಹೇಳ್ದೆಯಾ?"

ಲೆಂಪಿ ತಲೆ ತಗ್ಗಿಸಿದಳು.

"ಥೂ ನಿನ್ನ! ನಿನ್ನ ಹೊಟ್ಟೇಲಿ ಹುಟ್ಟಿದ ಮಕ್ಳು ಕಣೇ ಅವು!"

"ಹೊಟ್ಟೇಲಿ ಹುಟ್ಟಿದ್ದಕ್ಕೇ ಹೇಳಿದ್ದು!" ಲೆಂಪಿ ಇದ್ದಕ್ಕಿದ್ದ ಹಾಗೆ ಜೋರಾದಳು. "ನಿಂಗ್ ಮಕ್ಳಿಲ್ಲ, ನಿಂಗೇನ್ ಗೊತ್ತು? ಇಬ್ರನ್ನೂ ಎದುರಿಗೆ ಕೂರಿಸ್ಕೊಂಡು ಹೇಳಿದ್ರೆ ಅದು ಬರೀ ದಾರಿ ಹೇಳ್ದಂಗೆ. ಕೊಟ್ಟಂಗೆ ಆಗಲ್ಲ. ಒಬ್ಬೊಬ್ನ ಕೈ ಹಿಡ್ಕೊಂಡು ನಿಂಗೊಬ್ನಿಗೇ ಅಂದ್ರೆ ಆಗ ಅವ್ರ ಮುಖ ನೋಡ್ಬೇಕು. ತಾಪಿಯೊ ಅತ್ತುಬಿಟ್ಟ ಕಣೇ. ಅಷ್ಟು ದೊಡ್ಡ ಗಂಡಸು."

ಮಕ್ಕಳಿಲ್ಲ ಅನ್ನುವ ಮಾತು ಸೈಮಾಗೆ ಚುಚ್ಚಿತು. ಆದರೆ ಅದಕ್ಕಿಂತ ಒಳಗೆ ಹೋದದ್ದು ಇನ್ನೊಂದು. ಸೌನಾದಲ್ಲಿ ತನ್ನ ಮುಖವನ್ನೂ ಅವ್ವ ಹೀಗೇ ನೋಡಿರಬೇಕು. ತಾನೂ ಅತ್ತಿದ್ದಳು. ಹಬೆಯಲ್ಲಿ ಗೊತ್ತಾಗಲಿಕ್ಕಿಲ್ಲ ಅಂದುಕೊಂಡಿದ್ದಳು.

"ಇಬ್ರಿಗೂ ನಿಜ ಹೇಳು" ಎಂದಳು. "ಇವತ್ತೇ."

"ನನ್ ಕೈಲಾಗಲ್ಲ. ಅವ್ರ ಕಣ್ಣಲ್ಲಿ ನಾನೇನಾಗ್ತೀನಿ?"

"ಅವ್ವ ಈಗ ನನ್ ಕಣ್ಣಲ್ಲಿ ಏನಾಗಿದ್ದಾಳೋ ಅದೇ ಆಗ್ತೀಯ."

ಇಬ್ಬರೂ ಬಂದ ದಾರಿಯಲ್ಲೇ ಊರಿಗೆ ನಡೆದರು. ಲೆಂಪಿ ತನ್ನ ಹಸಿ ಹಣ್ಣಿನ ಮೇಲೆ ಜರಿಗಿಡದ ಎಲೆ ಮುಚ್ಚಿಕೊಂಡಿದ್ದಳು, ಯಾರಿಗೂ ಕಾಣದ ಹಾಗೆ. ಟಾರು ಗುಂಡಿಯ ಹತ್ತಿರ ಚಿಟ್ಟೆಗಳು ಇನ್ನೂ ಹೀರುತ್ತಲೇ ಇದ್ದವು.

ಆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಪಕ್ಕದ ಹಜಾರದಲ್ಲಿ ಎಂದಿನಂತೆ ಕಾಫಿ ಇತ್ತು. ಉದ್ದ ಮೇಜು, ಏಲಕ್ಕಿ ಬನ್ನು, ಬಿಳಿಯ ಕಪ್ಪು ಸಾಸರು. ಊರಿನವರೆಲ್ಲ ಇದ್ದರು. ರಜೆಗೆಂದು ಬಂದಿದ್ದ ಲೆಂಪಿಯ ಮಕ್ಕಳಿಬ್ಬರೂ ಅವಳ ಎಡಬಲಕ್ಕೆ ಕೂತಿದ್ದರು. ತಾಪಿಯೊಗೆ ತಲೆ ನರೆತಿತ್ತು, ಲಾರಿ ಓಡಿಸುವವನು. ರಾಯ್ನೆ ತೆಳ್ಳಗೆ, ಮಾತು ಕಡಿಮೆ, ದೂರದ ಊರೊಂದರಲ್ಲಿ ಬಡಗಿ.

ಸೈಮಾ ಎದುರಿಗೆ ಕೂತು ಬನ್ನು ಮುರಿದಳು.

"ನಾಳೆ ಏನ್ ಮಾಡ್ತೀಯೋ ತಾಪಿಯೊ?" ಎಂದು ಮಾರ್ತಾ ಕಾಫಿ ಬಗ್ಗಿಸುತ್ತ ಕೇಳಿದಳು.

"ಸುಮ್ನೆ ಕಾಡಲ್ಲಿ ಅಡ್ಡಾಡಿ ಬರಾಣ ಅಂತ. ಹೂವು ಚೆನ್ನಾಗ್ ಬಿಟ್ಟಾವೆ."

"ನೀನೂ ಹೋಗ್ತೀಯೇನೋ ರಾಯ್ನೆ, ಅಣ್ಣನ ಜೊತೆ?"

"ಇಲ್ಲ" ಎಂದ ರಾಯ್ನೆ ಕಪ್ಪಿನೊಳಗೆ ನೋಡುತ್ತ. "ನಾ ಬೇರೆ ಕಡೆ. ಚಿಟ್ಟೆ ಗಿಟ್ಟೆ ನೋಡ್ಕೊಂಡು."

ಲೆಂಪಿ ಬನ್ನಿನ ಮೇಲಿನ ಸಕ್ಕರೆಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾಳೆ ಅವರು ಟಣ್ ಟಣ್ ಎಂದು ಜವುಗಿನ ಎರಡು ತುದಿಯಿಂದ ಕಿತ್ತುಕೊಂಡು ಬರುತ್ತಾರೆ. ಮುಂದೆ ಅವರ ಮಕ್ಕಳ ಮಣಿಕಟ್ಟು ಹಿಡಿದು ಅದೇ ಮಾತು ಹೇಳುತ್ತಾರೆ. ಸೈಮಾಳ ಬಾಯಲ್ಲಿದ್ದ ಬನ್ನು ಉಂಡೆಯಾಯಿತು, ನುಂಗಲಾಗಲಿಲ್ಲ. ಕರವಸ್ತ್ರಕ್ಕೆ ಉಗಿದಳು.

ತನಗೆ ಇದ್ದದ್ದು ಅದೊಂದೇ. ಮನೆಯಲ್ಲ, ಹೊಲವಲ್ಲ. ಆ ಒಂದು ಮಾತು. ಅದು ಅರ್ಧವಾದರೆ ಕಾಲು ಆಗುತ್ತದೆ, ಕಾಲು ಆದರೆ ಅರೆಕಾಲು, ಕೊನೆಗೆ ನಾತವೊಂದೇ ಉಳಿಯುತ್ತದೆ.

"ಟಾರು ಸುಡ್ತಿದ್ದ ಹಳೇ ಗುಂಡಿ ದಾಟಿ" ಎಂದಳು ಸೈಮಾ.

ಅವಳು ಜೋರಾಗಿ ಹೇಳಲಿಲ್ಲ. ಆದರೆ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ಗದ್ದಲದ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು ಅದು.

"ಸೀಳಿದ ಬಂಡೆ ಹತ್ರ ಎಡಕ್ಕೆ. ತೊರೆ ದಾಟಿ ಪೈನ್ ಮರದ ಹಿಂದೆ. ನಮ್ಮವ್ವನ ಹಿಲ್ಲಾ ಜವುಗು ಅಲ್ಲಿದೆ. ಪಡುವಣ ಅಂಚಲ್ಲಿ, ಮೂಡಣ ಅಂಚಲ್ಲಿ ನಾನೂ ಲೆಂಪೀನೂ ಹಸೀದೇ ಕಿತ್ತಿದೀವಿ. ನಡುವೆ ಐತೆ. ಯಾರಿಗ್ ಬೇಕೋ ಹೋಗಿ."

ಚಮಚದ ಸದ್ದು ನಿಂತಿತು. ಮಾರ್ತಾ ಬಗ್ಗಿಸುತ್ತಿದ್ದ ಕಾಫಿ ಕಪ್ಪು ತುಂಬಿ ತಟ್ಟೆಗೆ ಹರಿಯಿತು. ಜನ ಮೇಜಿನ ಬಟ್ಟೆ ನೋಡಿದರು, ಕಿಟಕಿ ನೋಡಿದರು, ಗೋಡೆಯ ಶಿಲುಬೆ ನೋಡಿದರು. ಸೈಮಾಳನ್ನು ಮಾತ್ರ ಯಾರೂ ನೋಡಲಿಲ್ಲ. ಮುದುಕಿಯೊಬ್ಬಳು ಎಲ್ಲರೆದುರು ಲಂಗ ಎತ್ತಿಬಿಟ್ಟಿದ್ದರೂ ಅಷ್ಟು ಅಸಹ್ಯ ಆಗುತ್ತಿರಲಿಲ್ಲ. ಪಾದ್ರಿಗಳು ಕೆಮ್ಮಿದರು. ಯಾರೋ ಹವಾಮಾನದ ಮಾತು ತೆಗೆದರು, ಅದೂ ಮುಂದುವರಿಯಲಿಲ್ಲ.

ತಾಪಿಯೊ ಲೆಂಪಿಯ ಕಡೆ ತಿರುಗಿದ. ರಾಯ್ನೆಯೂ ತಿರುಗಿದ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನಿಂಗೂ ಗೊತ್ತಿತ್ತಾ?" ಎಂದ ತಾಪಿಯೊ.

ರಾಯ್ನೆ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋದ. ಲೆಂಪಿ ಎದ್ದು ನಿಂತಳು. "ನೀ ನಮ್ಮವ್ವನ್ನ ಬೀದಿಗೆ ಎಳ್ದೆ" ಎಂದಳು ಅಕ್ಕನಿಗೆ, ಬಿಳಿಚಿಕೊಂಡು. "ಇನ್ ನನ್ ಮನೆ ಮೆಟ್ಲು ಹತ್ಬೇಡ."

ಮುಂದಿನ ವಾರಗಳಲ್ಲಿ ಸೈಮಾ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಹಾಲಿನ ಡಬ್ಬ ಕೊಡುವಾಗ ಮಾರ್ತಾ ಬೆರಳು ತಾಕದ ಹಾಗೆ ಮೇಜಿನ ಮೇಲೆ ಇಡುತ್ತಿದ್ದಳು. ತನ್ನ ಬಗ್ಗೆ ಊರಿಗಿದ್ದ ಹೇಸಿಗೆ ತನಗೇ ಕಡಿಮೆಯೇನೂ ಇರಲಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿತ್ತು, ಅದೇ ಆಶ್ಚರ್ಯ.

ಆಗಸ್ಟ್ ಕಾಲಿಟ್ಟ ಮೇಲೆ ಒಂದು ದಿನ ಅವಳು ತಡೆಯಲಾರದೆ ಮಾರ್ತಾಳನ್ನು ಕೇಳಿದಳು. "ಜವುಗೆಲ್ಲ ಬೋಳಿಸಿ ಹೋಗಿರ್ಬೇಕು, ಅಲ್ವಾ? ಊರೆಲ್ಲ ಹೋಗಿರುತ್ತೆ."

ಮಾರ್ತಾ ಮೂಗು ಮುರಿದಳು. "ಯಾರ್ ಹೋಗ್ತಾರೆ ಅಲ್ಲಿಗೆ? ಯಾರಾದ್ರೂ ಕಂಡ್ರೆ ಏನಂದ್ಕೊತಾರೆ? ಕಾಫಿ ಮೇಜಲ್ಲಿ ಕೇಳ್ಕೊಂಡು ಬಾಯಿ ಚಪ್ಪರಿಸ್ಕೊಂಡು ಓಡ್ಬಂದ ಅಂತಾರೆ. ನಾಯಿ ಕೂಡ ಹೋಗಲ್ಲ ಬಿಡು. ಥೂ."

"ತಾಪಿಯೊ? ರಾಯ್ನೆ?"

"ಅವರಿಬ್ರೂ ಮೀನು ಹಿಡ್ಯಕ್ಕೆ ಹೋಗ್ತವ್ರೆ, ಒಂದೇ ದೋಣೀಲಿ. ಒಬ್ರಿಗೊಬ್ರು ಮಾತಿಲ್ಲ. ಆದ್ರೂ ಒಂದೇ ದೋಣಿ."

ಮರುದಿನ ಬೆಳಿಗ್ಗೆ ಸೈಮಾ ಬಕೆಟ್ಟಿಲ್ಲದೆ ಹೊರಟಳು. ನೇರಳೆಗೆಂಪು ಹೂವಿನ ತೆನೆ ಕೆಳಗಿನಿಂದ ಉದುರಿ ತುದಿಯಲ್ಲಿ ಮಾತ್ರ ಉಳಿದಿತ್ತು. ದಿಬ್ಬದ ಸ್ಟ್ರಾಬೆರಿ ಮುಗಿದಿತ್ತು. ತೊರೆಯ ಬಳಿ ನೀರು ಕುಡಿಯಲು ಬಗ್ಗಿದಾಗ ಹಿಂದೆ ರಬ್ಬರ್ ಬೂಟಿನ ಸದ್ದು. ತಿರುಗಿ ನೋಡಲಿಲ್ಲ. ಆ ಮಂಡಿಯ ನಡೆ ಯಾರದೆಂದು ಗೊತ್ತಿತ್ತು.

ಲೆಂಪಿ ತೊರೆಯ ಕಲ್ಲಿನ ಮೇಲೆ ಕಾಲು ಜಾರಿದಾಗ ಅಕ್ಕನ ತೋಳು ಹಿಡಿದಳು, ದಾಟಿದ ಮೇಲೆ ಬ್ಯಾಂಡೇಜು ಕೀಳುವ ಹಾಗೆ ಕೈ ಬಿಟ್ಟಳು.

ಪೈನ್ ಮರ ದಾಟಿ ಇಬ್ಬರೂ ನಿಂತರು.

ನಡು ಜವುಗೆಲ್ಲ ಹಳದಿ. ಒಂದು ಹಣ್ಣನ್ನೂ ಯಾರೂ ಕಿತ್ತಿರಲಿಲ್ಲ. ಕೆಲವು ಮಾಗಿ ಮಾಗಿ ತೊಟ್ಟಿನಿಂದ ಜಾರುತ್ತಿದ್ದವು. ಹಣ್ಣಿನ ಮೇಲೆ ಕಿತ್ತಳೆ ಬಣ್ಣದ ಕಪ್ಪು ಚುಕ್ಕಿಯ ಚಿಟ್ಟೆಗಳು ಕೂತು ಎದ್ದು ಮಾಡುತ್ತಿದ್ದವು. ಜವುಗಿನ ಕೊಳೆತ ವಾಸನೆಯ ಮೇಲೆ ಇನ್ನೊಂದು ವಾಸನೆ, ಜೇನು ಹುಳಿಯಾದ ಹಾಗೆ. ಅದನ್ನು ಮೂಸಿ ಎಷ್ಟು ಕಾಲವಾಯಿತೋ. ಅವ್ವ ಬದುಕಿದ್ದಾಗ ಅವಳ ಬಕೆಟ್ಟಿನಿಂದ ಬರುತ್ತಿತ್ತು.

ಸೈಮಾ ಮಂಡಿಯೂರಿ ಒಂದನ್ನು ಮುಟ್ಟಿದಳು. ಬೆರಳಲ್ಲೇ ಬಿರಿಯಿತು. ನೆಕ್ಕಿಕೊಂಡಳು. ಲೆಂಪಿ ಪಕ್ಕದಲ್ಲಿ ಕಷ್ಟಪಟ್ಟು ಕೂತು ಎರಡು ಕೈಯಲ್ಲೂ ಕಿತ್ತು ತಿನ್ನತೊಡಗಿದಳು. ಗಲ್ಲದ ಮೇಲೆ ರಸ ಇಳಿಯಿತು, ಬೀಜ ಹಲ್ಲಿಗೆ ಸಿಕ್ಕಿತು, ಒರೆಸಿಕೊಳ್ಳಲಿಲ್ಲ. ನೋಡಲು ಚೆಂದವಿರಲಿಲ್ಲ, ಇಬ್ಬರು ಮುದುಕಿಯರು ಹಾಗೆ ತಿನ್ನುವುದು.

"ಅಕ್ಕ" ಎಂದಳು ಲೆಂಪಿ ಬಾಯಿ ತುಂಬಿಕೊಂಡೇ. "ಚಾಪೆ ತೊಳೆದದ್ದು ಬೇಸಿಗೇಲಿ. ಸೌನಾದಲ್ಲಿ ನಿಂಗೆ ಹೇಳಿದ್ದು ಯಾವ ಚಳಿಗಾಲ? ಅದಕ್ಕೆ ಮುಂಚೆದೋ, ಆಮೇಲಿಂದೋ? ಅವ್ವ ಮೊದ್ಲು ಹೇಳಿದ್ದು ಯಾರಿಗೆ?"

ಸೈಮಾಗೆ ಆ ಚಳಿಗಾಲ ಚೆನ್ನಾಗಿ ನೆನಪಿತ್ತು. ಆ ಬೇಸಿಗೆಯೂ ನೆನಪಿತ್ತು, ಕಟ್ಟೆಯ ಮೇಲೆ ಒಣಹಾಕಿದ್ದ ಚಾಪೆಯ ಪಟ್ಟೆಗಳ ಬಣ್ಣ ಕೂಡ.

"ನನ್ಗೆಲ್ಲಿ ನೆನಪಿರ್ಬೇಕು" ಎಂದಳು. "ಥೂ, ಬಾಯಲ್ಲಿ ಇಟ್ಕೊಂಡು ಮಾತಾಡ್ಬೇಡ. ತಿನ್ನು."